ಎಣ್ಣೆ ತುಂಬಿದ ಶಾಕಬ್ಸರು

ನಾನು ಇಂಜಿನಿಯರ್ ಅಲ್ಲ ಸ್ವಾಮಿ. ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನು. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು, ಆಮೇಲೆ ಇಲ್ಲೇ ಭೀಮುನಿಪಟ್ಟಣದಲ್ಲಿ ಮನೆ ಮಾಡಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಆದರೂ ಈ ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಇವತ್ತು ಒಂದಿಷ್ಟು ಜಗಳ ಆಡಲೇಬೇಕು.

ನನ್ನ ಹತ್ತಿರ ಒಂದು ಹಳೆಯ ಸ್ಯಾನ್ ಸ್ಟಾರ್ಮ್ ಇದೆ. ಹೆಸರು ಕೇಳದವರಿಗೆ ಹೇಳುತ್ತೇನೆ: ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನವರು ಗೋವಾದಲ್ಲಿ ತಯಾರಿಸುತ್ತಿದ್ದ, ಎರಡೇ ಸೀಟಿನ, ಟಾಪು ತೆಗೆಯಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. 1990ರ ದಶಕದ ಕೊನೆಯಲ್ಲಿ ಬಂತು. ಫೈಬರ್‌ಗ್ಲಾಸ್ ಮೈ, 1149 ಸಿಸಿಯ ರೆನೋ ಇಂಜಿನ್, 60 ಕುದುರೆಯ ಶಕ್ತಿ. 60ಕ್ಕೆಲ್ಲ ಸ್ಪೋರ್ಟ್ಸ್ ಕಾರು ಅನ್ನುತ್ತೀರಾ ಅಂತ ನಗಬೇಡಿ. ಬೆಂಗಳೂರಿನ ಕಾರು ಅನ್ನೋ ಮೋಹಕ್ಕೆ ಸೆಕೆಂಡ್ ಹ್ಯಾಂಡ್ ಕೊಂಡೆ. ಅದರ ತಯಾರಿಕೆ ನಿಂತು ವರ್ಷಗಳೇ ಆದವು.

ಎರಡು ವರ್ಷದ ಹಿಂದೆ ಶಾಕಬ್ಸರು ಸೋರತೊಡಗಿದವು. ನಮ್ಮ ಉಪ್ಪುಗಾಳಿಯ ಪ್ರಸಾದ: ಪಿಸ್ಟನ್ ರಾಡಿನ ಹೊಳಪು ಚುಕ್ಕೆಚುಕ್ಕೆಯಾಗಿ ಏಳುತ್ತದೆ, ಅದು ಸೀಲನ್ನು ಕೆರೆಯುತ್ತದೆ, ಎಣ್ಣೆ ಹೊರಗೆ. ವಿಜಯವಾಡಕ್ಕೆ ಹೋದಾಗ ಅಲ್ಲೊಬ್ಬ ಮೇಸ್ತ್ರಿ ತೂತು ಕೊರೆದು, ಹೊಸ ಎಣ್ಣೆ ತುಂಬಿ, ವೆಲ್ಡ್ ಮಾಡಿ, ಕಪ್ಪು ಬಣ್ಣ ಬಳಿದು ಕೊಟ್ಟ. "ಏಮೀ ಕಾದು ಸಾರ್" ಅಂದ. ಏನೂ ಆಗಲ್ಲವಂತೆ. ಹೊಸದರ ಕಾಲುಭಾಗ ಖರ್ಚು. ಉಳಿತಾಯ ಅಂತ ಹಿಗ್ಗಿಕೊಂಡು 350 ಕಿ.ಮೀ. ವಾಪಸ್ ಬಂದೆ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ರುಷಿಕೊಂಡ ದಾಟಿ ಬೀಚ್ ರೋಡಿನಲ್ಲಿ ಮನೆಗೆ ಬರುತ್ತಿದ್ದೆ. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ರಸ್ತೆಗೆ ಇಳಿದಳು. ಬ್ರೇಕ್ ಒತ್ತಿದೆ. ರಸ್ತೆ ಅಲ್ಲಿ ಅಲೆಅಲೆಯಾಗಿತ್ತು. ಕಾರು ಮೂಗು ತಗ್ಗಿಸಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಹೋಯಿತೇ ಹೊರತು ನಿಲ್ಲಲಿಲ್ಲ. ಆಕೆಯೇ ಹಿಂದಕ್ಕೆ ಹಾರಿದ್ದರಿಂದ ಉಳಿದಳು. ಬುಟ್ಟಿ ಚೆಲ್ಲಿತು. ಬೈದಳು ನೋಡಿ... ಇಷ್ಟು ವರ್ಷದಲ್ಲಿ ಕಲಿಯದ ತೆಲುಗೆಲ್ಲ ಆಗ ಅರ್ಥವಾಯಿತು. ಬ್ರೇಕ್ ಪ್ಯಾಡು ಹೊಸದು, ಟೈರು ಹೊಸದು. ತಪ್ಪು ಎಲ್ಲಿ?

ಹೆಸರೇ ದಾರಿ ತಪ್ಪಿಸುತ್ತದೆ. ಗುಂಡಿಯ ಹೊಡೆತ ತಿನ್ನುವುದು ಸ್ಪ್ರಿಂಗು. ಆ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ಹಿಡಿಯುವುದು ಶಾಕಬ್ಸರು. ಒಳಗೆ ಎಣ್ಣೆ ಸಣ್ಣ ಕವಾಟಗಳ ಮೂಲಕ ನುಗ್ಗಿ ಕುಣಿತವನ್ನು ಬಿಸಿಯಾಗಿ ಮಾಡಿ ಮುಗಿಸುತ್ತದೆ. ಕವಾಟ ಸವೆದರೆ ಚಕ್ರ ನೆಲ ಬಿಟ್ಟು ಹಾರುತ್ತದೆ. ಗಾಳಿಯಲ್ಲಿರುವ ಟೈರಿಗೆ ಯಾವ ಬ್ರೇಕ್ ಏನು ಮಾಡೀತು? ಹಗುರ ಕಾರಿನಲ್ಲಿ ಇದು ಇನ್ನೂ ಕೆಟ್ಟದ್ದು. ಮೈಗೆ ಹೋಲಿಸಿದರೆ ಚಕ್ರದ ತೂಕದ ಪಾಲು ಜಾಸ್ತಿ. ಇದನ್ನು 'ಕಂಫರ್ಟ್ ಐಟಂ' ಅನ್ನುವವರನ್ನು ಕಂಡರೆ ನನಗೆ ಈಗ ಮೈ ಉರಿಯುತ್ತದೆ.

ಸವೆದ ಕವಾಟ, ಗೀರು ಬಿದ್ದ ರಾಡು ಹಾಗೇ ಇಟ್ಟು ಎಣ್ಣೆ ತುಂಬುವುದಕ್ಕೆ ನಮ್ಮ ಬ್ಯಾಂಕಿನಲ್ಲಿ ಒಂದು ಹೆಸರಿದೆ: ಎವರ್‌ಗ್ರೀನಿಂಗ್. ಬಡ್ಡಿ ಕಟ್ಟಲಾಗದವನಿಗೆ ಇನ್ನೊಂದು ಸಾಲ ಕೊಟ್ಟು ಖಾತೆ ಚೆನ್ನಾಗಿದೆ ಅಂತ ತೋರಿಸುವುದು. ಸಾಲಕ್ಕಾದರೆ 90 ದಿನದ ನಿಯಮ ಇದೆ. ಕಾರಿಗೆ ಅಂಥ ಇನ್ಸ್‌ಪೆಕ್ಟರ್ ಯಾರೂ ಇಲ್ಲ. ಬಾನೆಟ್ ಒತ್ತಿ ಬಿಟ್ಟು "ಚೆನ್ನಾಗಿದೆ" ಅನ್ನುವವರಿದ್ದಾರಲ್ಲ, ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಪೂರ್ತಿ ಸತ್ತದ್ದು ಮಾತ್ರ. ಅರೆಜೀವದ್ದು ಪಾಸಾಗುತ್ತದೆ. ಟೈರಿನ ಮೇಲೆ ಕೈ ಆಡಿಸಿ ನೋಡಿ, ತಗ್ಗುದಿಣ್ಣೆ ಸಿಕ್ಕರೆ ಅನುಮಾನ ಪಡಿ.

ಒಂದೇ ಸೋರುತ್ತಿದೆ, ಒಂದೇ ಹಾಕಿ ಅನ್ನುವ ಜಾಣರೂ ಇದ್ದಾರೆ. ಎಡಕ್ಕೆ ಹೊಸದು ಬಲಕ್ಕೆ ಹಳೆಯದು ಅಂದರೆ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ. ಗಟ್ಟಿ ಸ್ಪ್ರಿಂಗ್ ಹಾಕಿ ಕಾರು ಇಳಿಸುವ ಹುಡುಗರ ವಿಷಯ ಇನ್ನೊಮ್ಮೆ.

ಕೊನೆಗೆ ನಾಲ್ಕೂ ಬದಲಿಸಿದೆ. ಈ ಕಾರಿನ ಹೆಸರಿರುವ ಡಬ್ಬ ಅಂಗಡಿಯಲ್ಲಿ ಸಿಗಲಿಲ್ಲ. ಪೂರ್ತಿ ಒತ್ತಿದಾಗಿನ ಉದ್ದ, ಪೂರ್ತಿ ಎಳೆದಾಗಿನ ಉದ್ದ, ಬುಷ್ಷಿನ ಅಳತೆ ಎಲ್ಲ ಚೀಟಿಯಲ್ಲಿ ಬರೆದುಕೊಂಡು ಮೂರು ಭಾನುವಾರ ವಿಶಾಖಪಟ್ಟಣ ಅಲೆದೆ. ಉದ್ದ ಹೆಚ್ಚಾದರೆ ಗುಂಡಿಯಲ್ಲಿ ಒಳಗೇ ಕುಟ್ಟಿ ಒಡೆಯುತ್ತದೆ, ಅದಕ್ಕೆ ಈ ಒದ್ದಾಟ. ರಬ್ಬರ್ ಬುಷ್, ಬಂಪ್ ಸ್ಟಾಪ್, ಧೂಳಿನ ಕವಚ ಎಲ್ಲವೂ ಹೊಸದೇ. ಬುಷ್ಷಿನ ಬೋಲ್ಟನ್ನು ಕಾರು ನೆಲದ ಮೇಲೆ ನಿಂತ ಮೇಲೇ ಬಿಗಿ ಮಾಡಿಸಿದೆ. ಜಾಕಿನ ಮೇಲೆ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೆಕ್ಯಾನಿಕ್ ಗೊಣಗಿದ. ಗೊಣಗಲಿ.

ಬಿಚ್ಚಿದ ಹಳೆಯದನ್ನು ಅಂಗಳದಲ್ಲಿ ನಿಲ್ಲಿಸಿ ಕಿರುಬೆರಳಲ್ಲಿ ಒತ್ತಿದೆ. ಸುಮ್ಮನೆ ಇಳಿಯಿತು, ಮೇಲೆ ಬರಲೇ ಇಲ್ಲ. ಹೆಂಡತಿ ನೋಡಿ, "ಇದರ ಮೇಲೆ ನನ್ನನ್ನು ಅರಕು ಘಾಟಿಗೆ ಕರಕೊಂಡು ಹೋಗಿದ್ರಾ?" ಅಂದಳು. ಉತ್ತರ ಕೊಡಲಿಲ್ಲ.

ಮುಂದಿನ ತಿಂಗಳು ವಿಜಯವಾಡಕ್ಕೆ ಹೋಗುವುದಿದೆ. ಹಳೆಯ ನಾಲ್ಕನ್ನೂ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಆ ಮೇಸ್ತ್ರಿಯ ಮುಂದೆ ಇಟ್ಟು, ಕಿರುಬೆರಳಲ್ಲಿ ಒತ್ತು ಅಂತ ಹೇಳಬೇಕು.