ಗುಂಡಿ ಒತ್ತಿದರೂ ಆರ್ಡರ್ ಬಾರದಿದ್ದಾಗ

ಸೋದರಿಯರೇ, ಗೌರಿ ಹಬ್ಬದ ಮುಂದೆ ನನ್ನ ಹಪ್ಪಳ-ಸಂಡಿಗೆಯ ವೆಬ್‌ಸೈಟಿಗೆ ಎರಡು ವಾರ ಒಂದೂ ಆರ್ಡರ್ ಬರಲಿಲ್ಲ. "ನಿನ್ನ ಸಂಡಿಗೆ ಜನಕ್ಕೆ ಸಾಕಾಯ್ತು ಕಣೇ" ಎಂದು ಮನೆಯವರು ನಕ್ಕರು. ಕೊನೆಗೆ ನಾನೇ ಫಾರಂ ತುಂಬಿ ಗುಂಡಿ ಒತ್ತಿದೆ. ಬಂದದ್ದು ಬಿಳೀ ಪುಟ, ಅದರಲ್ಲಿ 500 ಅನ್ನೋ ಅಂಕಿ!

ಗಾಬರಿ ಬೇಡಿ. 500 ಅಂದರೆ ತಪ್ಪು ನಿಮ್ಮ ಫೋನಿನದಲ್ಲ, ಸರ್ವರಿನ ಕಡೆ ಎಡವಟ್ಟಾಗಿದೆ ಅಂತ. ಏನಾಯಿತೆಂದು ಅದು ಗಿರಾಕಿಗೆ ಹೇಳುವುದಿಲ್ಲ. ತನ್ನ ಎರರ್ ಲಾಗ್‌ನಲ್ಲಿ ಬರೆದಿಡುತ್ತದೆ, ನಾವು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದ ಹಾಗೆ.

ನಿಮ್ಮ ಹೋಸ್ಟಿಂಗ್‌ನಲ್ಲಿ ಸಿಪ್ಯಾನೆಲ್ ಇದ್ದರೆ 'ಮೆಟ್ರಿಕ್ಸ್' ಕೆಳಗೆ 'ಎರರ್ಸ್' ಒತ್ತಿ. ಕೊನೆಯ 300 ಸಾಲುಗಳು ಕಾಣುತ್ತವೆ, ಹೊಸದು ಮೇಲೆ. ಅಲ್ಲಿ ಸಿಗದಿದ್ದರೆ ಫಾರಂನ ಫೈಲ್ ಇರುವ ಫೋಲ್ಡರಿನಲ್ಲೇ 'ಎರರ್_ಲಾಗ್' ಎಂಬ ಫೈಲ್ ಇದೆಯೇ ನೋಡಿ. ಮೊದಲು ಫಾರಂ ಒಮ್ಮೆ ಕಳಿಸಿ, ಗಂಟೆ ಗುರುತುಹಾಕಿಕೊಂಡು ಆಮೇಲೆ ಹುಡುಕಿ. ಸರ್ವರಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರಬಹುದು. ಇದು ತಿಳಿಯದೆ ನನ್ನದೊಂದು ಮಧ್ಯಾಹ್ನವೇ ಹೋಯಿತು!

ನನಗೆ ಸಿಕ್ಕ ಸಾಲಿನಲ್ಲಿ 'ಮೈಎಸ್‌ಕ್ಯುಎಲ್_ಕನೆಕ್ಟ್' ಎಂಬ ಫಂಕ್ಷನ್ ಇಲ್ಲವೆಂದಿತ್ತು. ಜೊತೆಗೆ ಫೈಲಿನ ಹೆಸರು, ಸಾಲಿನ ಸಂಖ್ಯೆ. 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಅದನ್ನು ತೆಗೆದುಹಾಕಿದ್ದಾರೆ. ಹೋಸ್ಟಿಂಗ್‌ನವರು ಪಿಎಚ್‌ಪಿ ಹೊಸದು ಮಾಡಿದ್ದರು, ನನ್ನ ಫಾರಂ ಮಾತ್ರ ಹಳೆಯದೇ. ಆ ಸಾಲನ್ನು ಫಾರಂ ಬರೆದುಕೊಟ್ಟಿದ್ದ ಹುಡುಗನಿಗೆ ಕಳಿಸಿದೆ, ಸಂಜೆಯೊಳಗೆ ಸರಿಮಾಡಿಕೊಟ್ಟ.

ಹೋದ ಆರ್ಡರುಗಳು? ತುಂಬಿದ ಹೆಸರು, ವಿಳಾಸ ಯಾವುದೂ ಲಾಗ್‌ನಲ್ಲಿ ಉಳಿದಿರಲಿಲ್ಲ. ಆಕ್ಸೆಸ್ ಲಾಗ್ ತೆಗೆದು, ಫಾರಂ ಕಳಿಸಿ 500 ಬಿದ್ದ ಸಾಲುಗಳನ್ನಷ್ಟೇ ಎಣಿಸಿದೆ. ನನ್ನದೊಂದು ಬಿಟ್ಟು ಹನ್ನೊಂದಿದ್ದವು. ಮನೆಯವರಿಗೆ ತೋರಿಸಿದೆ.