ಕಾಲುಗುರಿನ ಕಾಳಜಿ

ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಕಾಸರಗೋಡಿನ ನಮ್ಮ ಕಡೆಯಲ್ಲಿ ಜೊತೆಜೊತೆಯಾಗಿಯೇ ನಡೆಯುವ ಸಂಗತಿಗಳು. ಅವುಗಳ ಬೆನ್ನಿಗೇ ಮೂರನೆಯದೊಂದು ಬರುತ್ತದೆ: ಪಾಚಿಗಟ್ಟಿದ ಮುರಕಲ್ಲಿನ ಮೆಟ್ಟಿಲಲ್ಲಿ ಎಡವಿ ಹೆಬ್ಬೆರಳಿನ ಉಗುರನ್ನು ಕಿತ್ತುಕೊಂಡ ಮಕ್ಕಳ ಸಾಲು. ತೋಟದಲ್ಲಿ ದುಡಿಯುವ ಹಿರಿಯರ ಪಾಡೂ ಬೇರೆಯಲ್ಲ. ಇಷ್ಟು ಸಣ್ಣ ವಿಷಯಕ್ಕೆ ಮಾಸಿಕದಲ್ಲೊಂದು ಪುಟವೇ ಎಂದು ಕೆಲವರು ನಗಬಹುದು. ನಕ್ಕ ಮೇಲಾದರೂ ಓದಬೇಕೆಂದು ನಮ್ಮ ಬಿನ್ನಹ.

ಒಂದು ಮಳೆಗಾಲದಲ್ಲಿ ಐದನೆಯ ತರಗತಿಯ ಹುಡುಗನೊಬ್ಬನು ಹಿಮ್ಮಡಿಯೂರಿ ನಡೆಯುತ್ತಿದ್ದುದನ್ನು ಕಂಡು ಹತ್ತಿರ ಕರೆದು ನೋಡಿದೆವು. ಉಗುರು ಅರ್ಧ ಎದ್ದಿತ್ತು. ತಾನೇ ಅಡುಗೆಮನೆಯಿಂದ ಕಾಫಿಪುಡಿ ಕದ್ದು ತಂದು ಮೆತ್ತಿ, ಬಟ್ಟೆಚೂರು ಸುತ್ತಿ, ನಾಲ್ಕು ದಿನಗಳಿಂದ ಅದನ್ನು ಬಿಚ್ಚಿಯೇ ಇರಲಿಲ್ಲ. ಬೆರಳು ಬಾತು ಕೀವು ತುಂಬಿತ್ತು. ಮನೆಯಲ್ಲೇಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, "ಚಪ್ಪಲಿ ಹಾಕದೆ ಆಡ್ಲಿಕ್ಕೆ ಹೋದದ್ದಕ್ಕೆ ಬೈತಾರೆ ಮಾಷ್ಟ್ರೇ" ಎಂದನು. ಆಸ್ಪತ್ರೆಯಲ್ಲಿ ತೊಳೆದು ಔಷಧ ಕೊಟ್ಟ ಮೇಲೆ ಗುಣವಾಯಿತೆನ್ನಿ. ತಾಯಂದಿರಲ್ಲಿ ನಾವು ಕೇಳಿಕೊಳ್ಳುವುದಿಷ್ಟೆ: ಬೈಯುವುದಿದ್ದರೆ ಗಾಯಕ್ಕೆ ಕಟ್ಟು ಕಟ್ಟಿದ ಮೇಲೆ ಬೈಯಿರಿ.

ಉಗುರು ಎದ್ದಾಗ ಮೊದಲು ಮಾಡತಕ್ಕದ್ದು ಶುದ್ಧ ನೀರಿನ ಧಾರೆಯಲ್ಲಿ ಸಾಬೂನಿನಿಂದ ತೊಳೆಯುವುದು. ರಕ್ತ ಒಸರುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಹತ್ತು ನಿಮಿಷ ಒತ್ತಿ ಹಿಡಿದು, ಕಾಲನ್ನು ಎತ್ತರದಲ್ಲಿರಿಸಬೇಕು. ಅಂಟಿಕೊಂಡಿರುವ ಭಾಗವನ್ನು ಎಂದಿಗೂ ಕೀಳಬಾರದು. ಕೆಳಗಿನ ಮೆದುವಾದ ಮಾಂಸಕ್ಕೆ ಅದೇ ಮುಚ್ಚಳ. ಬಿಡಿಯಾಗಿ ಜೋತಾಡುವಷ್ಟನ್ನು ಮಾತ್ರ ಕತ್ತರಿಸಿ, ಕಟ್ಟು ಅಂಟದಂತೆ ತೆಳುವಾಗಿ ವ್ಯಾಸಲೀನ್ ಸವರಿ, ಮೇಲೆ ಕಟ್ಟಬೇಕು. ಆ ಕಟ್ಟನ್ನು ದಿನವೂ, ಒದ್ದೆಯಾದಾಗಲೆಲ್ಲ, ಬದಲಾಯಿಸಬೇಕು. ಕಾಫಿಪುಡಿ, ಸುಣ್ಣ, ಸಗಣಿ ಯಾವುದೂ ಬೇಡ. ಧನುರ್ವಾಯುವಿನ ರೋಗಾಣು ಮಣ್ಣು-ಸಗಣಿಗಳಲ್ಲಿಯೇ ವಾಸಿಸುವಂಥದು. ಮಕ್ಕಳಿಗೆ ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಅದರ ಚುಚ್ಚುಮದ್ದು ಸಿಗುತ್ತದೆ. ಮರೆಯುವವರು ಹಿರಿಯರಾದ ನಾವು. ಮಣ್ಣು ಹೊಕ್ಕ ಗಾಯವಾಗಿ, ಕೊನೆಯ ಚುಚ್ಚುಮದ್ದು ಹಾಕಿಸಿ ಐದು ವರ್ಷ ಕಳೆದಿದ್ದರೆ ಆಸ್ಪತ್ರೆಗೆ ಹೋಗಿ ಹಾಕಿಸಿಕೊಳ್ಳುವುದೇ ಕ್ಷೇಮ.

ಕಲ್ಲೋ ಬೆಂಚೋ ಬಿದ್ದು ಉಗುರು ಕಪ್ಪಾದರೆ, ಒಳಗೆ ರಕ್ತ ಹೆಪ್ಪುಗಟ್ಟಿದೆಯೆಂದರ್ಥ. ತಣ್ಣೀರಿನ ಬಟ್ಟೆಯಿಂದ ಆರಾಮವಾಗುತ್ತದೆ. ಮಿಡಿಯುವ ನೋವು ತಾಳಲಾರದಷ್ಟಿದ್ದರೆ, ಉಗುರಿನಲ್ಲಿ ಕಿರುರಂಧ್ರ ಮಾಡಿ ರಕ್ತ ಹೊರಬಿಡುವುದು ವೈದ್ಯರ ಕೆಲಸ, ಮನೆಯ ಸೂಜಿಯದಲ್ಲ. ನೋವಿಲ್ಲದ ಕಪ್ಪು ಉಗುರಿನೊಡನೆ ಮೆಲ್ಲಗೆ ಮುಂದೆ ಸರಿದು ಹೋಗುತ್ತದೆ. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರಿನಷ್ಟೇ ಬೆಳೆಯುವುದರಿಂದ, ಹೆಬ್ಬೆರಳಿನ ಉಗುರು ಪೂರ್ತಿ ಬರಲು 12ರಿಂದ 18 ತಿಂಗಳು ಬೇಕು. ಆದರೆ ಪೆಟ್ಟೇ ಬೀಳದೆ ಮೂಡಿದ ಕಪ್ಪುಗೆರೆ, ಮುಂದೆ ಸರಿಯದೆ ಅಗಲವಾಗುತ್ತಿದ್ದರೆ ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು. ಅಪರೂಪಕ್ಕೆ ಅದು ಅರ್ಬುದವೂ ಆಗಿರಬಹುದು.

ನಮಗೆ ಹೆಚ್ಚಿನ ಚಿಂತೆ ಮನೆಯ ಅಜ್ಜ-ಅಜ್ಜಿಯರದು. ಮಧುಮೇಹವಿದ್ದವರಿಗೆ ಕಾಲಿನ ಸ್ಪರ್ಶಜ್ಞಾನ ಕುಂದುವುದರಿಂದ, ಉಗುರು ಕಿತ್ತು ಬಂದರೂ ನೋವೇ ತಿಳಿಯದು. ರಕ್ತಸಂಚಾರ ಕಡಿಮೆಯಾಗಿ ಗಾಯ ಮಾಯುವುದೂ ನಿಧಾನ. ಉಗುರಿನ ಮೂಲೆಯಲ್ಲಿ ತೊಡಗಿದ ಕೀವು ಬೆರಳನ್ನೇ ತೆಗೆಯುವವರೆಗೆ ಹೋಗುವುದುಂಟು. ಇಲ್ಲಿ ಭಾಷೆಯ ತೊಡಕೂ ಒಂದಿದೆ. ಆಸ್ಪತ್ರೆಯ ಚೀಟಿ ಮಲೆಯಾಳದಲ್ಲಿ. ಅದನ್ನು ಹಿಡಿದ ಅಜ್ಜಿಗೆ ಬರುವುದು ಕನ್ನಡ. ಅಲ್ಲಿ 'ಪ್ರಮೇಹಂ' ಎಂದಿದ್ದರೆ ಅದು ನಮ್ಮ ಸಕ್ಕರೆ ಕಾಯಿಲೆ. 'ನಖಂ' ಎಂದರೆ ಉಗುರೆಂದು ನಖಶಿಖಾಂತ ಕೋಪಿಸಿಕೊಳ್ಳುವ ನಮಗೆ ಹೇಳಬೇಕಿಲ್ಲ. ಮಲೆಯಾಳ ಕಲಿತ ಮೊಮ್ಮಕ್ಕಳನ್ನು ಜೊತೆಗೆ ಕಳುಹಿಸಿರಿ; ದಿನವೂ ಸಂಜೆ ಅಜ್ಜನ ಪಾದವನ್ನು ಬೆಳಕಿನಲ್ಲಿ ನೋಡುವ ಕೆಲಸವನ್ನೂ ಅವರಿಗೇ ಒಪ್ಪಿಸಬಹುದು. ಅಂಥವರ ಕಾಲಿನ ಯಾವ ಗಾಯಕ್ಕೂ ಮನೆಮದ್ದು ಮಾಡುತ್ತ ಕೂರಬಾರದು.

ಉಗುರನ್ನು ಸ್ನಾನವಾದ ಮೇಲೆ, ಮೆದುವಾಗಿರುವಾಗ, ನೇರವಾಗಿ ಕತ್ತರಿಸಬೇಕು. ಮೂಲೆಗಳನ್ನು ಆಳವಾಗಿ ಕೊರೆದರೆ ಅದು ಮಾಂಸದೊಳಕ್ಕೆ ಬೆಳೆದು ನೋಯಿಸುತ್ತದೆ. ಶೂಗಳನ್ನು ಕಾಲು ತುಸು ಊದಿರುವ ಸಂಜೆಯ ಹೊತ್ತು ಕೊಳ್ಳುವುದು ಒಳ್ಳೆಯದು. ಬಿಗಿಯಾದ ಶೂ ಉಗುರನ್ನು ಒತ್ತುತ್ತದೆ. ಮುಂದಿನ ವರ್ಷಕ್ಕೂ ಆಗಲೆಂದು ಕೊಂಡ ದೊಡ್ಡ ಶೂವಿನಲ್ಲಿ ಕಾಲು ಜಾರಿ ಜಾರಿ ಉಗುರಿಗೇ ಪೆಟ್ಟು. ಈ ಮಿತವ್ಯಯ ನಮಗೆ ಎಂದೂ ಅರ್ಥವಾಗಿಲ್ಲ. ತೋಟಕ್ಕೆ ಹೋಗುವವರು ಬೆರಳು ಮುಚ್ಚುವ ರಬ್ಬರು ಬೂಟು ಧರಿಸಲಿ; ಮರಳಿದ ಮೇಲೆ ಬೆರಳ ಸಂದುಗಳನ್ನು ಒರಸಿ ಒಣಗಿಸಲಿ. ಮೆಟ್ಟಿಲಿನ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವುದಂತೂ ಬರುವ ಭಾನುವಾರವೇ ಆಗಬಹುದಾದ ಕೆಲಸ.