ಡಾಕ್ಟರು ಮತ್ತೆ ವಿದ್ಯಾರ್ಥಿಯಾದಾಗ

ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ ಭದ್ರಾವತಿಯ ನ್ಯೂಟೌನಿನಲ್ಲಾಗಲಿ, ದಂತವೈದ್ಯರ ಬೋರ್ಡಿನ ಮೇಲೆ ಕಾಣುವ 'ಬಿ.ಡಿ.ಎಸ್.' ಎಂಬ ಮೂರಕ್ಷರಗಳ ಬೆಲೆಯನ್ನು ಮನೆಮಂದಿಯೆಲ್ಲ ಬಲ್ಲರು. ನಾಲ್ಕು ವರ್ಷಗಳ ವ್ಯಾಸಂಗ, ಒಂದು ವರ್ಷದ ಆಸ್ಪತ್ರೆಯ ತರಬೇತಿ, ಅದರ ಹಿಂದೆ ತಂದೆಯ ಉಳಿತಾಯ, ತಾಯಿಯ ಹರಕೆ, ಇವೆಲ್ಲವೂ ಅದರಲ್ಲಿ ಅಡಗಿವೆ. ಇಷ್ಟೆಲ್ಲ ಗಳಿಸಿದ ಮಗಳು ಮದುವೆಯಾಗಿ ಅಮೆರಿಕಕ್ಕೆ ಹೊರಟು ನಿಂತಾಗ ಮಾತ್ರ ಒಂದು ಸಂಗತಿ ತಡವಾಗಿ ತಿಳಿಯುತ್ತದೆ: ಆ ಮೂರಕ್ಷರಗಳು ಕಡಲು ದಾಟುವುದಿಲ್ಲ. ಅಲ್ಲಿ ಇಳಿದ ದಿನದಿಂದ ಆಕೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರಾಗಲು ಅರ್ಜಿ ಹಾಕಬೇಕಾದ ಅಭ್ಯರ್ಥಿ.

ಇದನ್ನು ಅವಮಾನವೆಂದು ಬಗೆಯುವವರುಂಟು. ಆದರೆ ತಮ್ಮ ಜನರ ಬಾಯಿಗೆ ಉಪಕರಣವಿಡುವ ಕೈಯನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವ ದೇಶ ವಿರಳ. ಪರದೇಶದಲ್ಲಿ ದಂತವೈದ್ಯ ಪದವಿ ಪಡೆದು ಮರಳುವ ಭಾರತೀಯರಿಗೆ ಭಾರತವೂ ಅರ್ಹತಾ ಪರೀಕ್ಷೆಯೊಂದನ್ನು ಇಟ್ಟಿದೆ. ಅಮೆರಿಕದಲ್ಲಿ ವೃತ್ತಿಯ ಪರವಾನಗಿಯನ್ನು ಕೊಡುವುದು ಆಯಾ ರಾಜ್ಯ. ಕೆಲವು ರಾಜ್ಯಗಳಲ್ಲಿ ಬೇರೆ ದಾರಿಗಳುಂಟಾದರೂ, ಹೆಚ್ಚಿನವರು ಹಿಡಿಯುವ ರಾಜಮಾರ್ಗ ಒಂದೇ: ಅಲ್ಲಿನ ಮಾನ್ಯತೆ ಪಡೆದ ದಂತವೈದ್ಯ ಶಾಲೆಯನ್ನು ನಡುವಿನ ತರಗತಿಗೆ ಸೇರಿ, ಎರಡರಿಂದ ಮೂರು ವರ್ಷ ಓದಿ, ಡಿ.ಡಿ.ಎಸ್. ಅಥವಾ ಡಿ.ಎಂ.ಡಿ. ಪದವಿ ಪಡೆಯುವುದು. ಹೆಸರು ಬೇರೆಯಾದರೂ ಈ ಎರಡು ಪದವಿಗಳ ಯೋಗ್ಯತೆ ಒಂದೇ.

ಈ ದಾರಿಯ ಮೊದಲ ಮೆಟ್ಟಿಲು ಕಾಗದಪತ್ರ. ಶಿವಮೊಗ್ಗದ ಶರಾವತಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಓದಿದವರ ಅಂಕಗಳ ದಾಖಲೆ ಇರುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ. ಆ ದಾಖಲೆ ಅಮೆರಿಕದ ಮೌಲ್ಯಮಾಪನ ಸಂಸ್ಥೆಗೆ ಹೋಗಿ, ಇಲ್ಲಿನ ಅಂಕಗಳು ಅಲ್ಲಿನ ಲೆಕ್ಕಕ್ಕೆ ಪರಿವರ್ತನೆಯಾಗಬೇಕು. ಇಲ್ಲಿ ಎಡವಿಸುವುದು ವಿದ್ಯೆಯಲ್ಲ, ಹೆಸರು. ನಮ್ಮಲ್ಲಿ ಊರಿನ ಒಂದು ಅಕ್ಷರ, ತಂದೆಯ ಒಂದು ಅಕ್ಷರ, ಕೊನೆಯಲ್ಲಿ ತನ್ನ ಹೆಸರು ಎಂಬುದು ವಾಡಿಕೆ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳು ಬಿಡಿಸಿಕೊಂಡು ಉದ್ದವಾಗುತ್ತವೆ. ಮದುವೆಯ ಮೇಲೆ ಗಂಡನ ಹೆಸರೂ ಸೇರುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಒಬ್ಬಳು, ಪದವಿಪತ್ರದಲ್ಲಿ ಇನ್ನೊಬ್ಬಳು, ಪಾಸ್‌ಪೋರ್ಟಿನಲ್ಲಿ ಮೂರನೆಯವಳು! ಊರಿನ ಹೆಸರಿನದೂ ಅದೇ ಪಾಡು. 2014ರ ನವೆಂಬರ್ 1ರಂದು ಇಂಗ್ಲಿಷಿನ 'ಶಿಮೋಗ' ಅಧಿಕೃತವಾಗಿ 'ಶಿವಮೊಗ್ಗ'ವಾಯಿತು. ಹಳೆಯ ಪತ್ರಗಳಲ್ಲಿ ಹಳೆಯ ಹೆಸರೇ ನಿಂತಿದೆ. ಒಂದೂರೇ ಎಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಕಡಲಾಚೆಯ ಗುಮಾಸ್ತರಿಗೆ ಗೊತ್ತಿರಬೇಕೆಂಬ ನಿಯಮವಿಲ್ಲ. ಇವನ್ನೆಲ್ಲ ಸರಿಪಡಿಸಿಕೊಳ್ಳುವುದು ಊರಿನಲ್ಲಿದ್ದಾಗ ನಾಲ್ಕಾರು ದಿನಗಳ ಓಡಾಟ. ಹೋದ ಮೇಲೆ ತಿಂಗಳುಗಳ ಪತ್ರವ್ಯವಹಾರ.

ಎರಡನೆಯದು ರಾಷ್ಟ್ರೀಯ ಮಂಡಲಿಯ ಪರೀಕ್ಷೆ. ಹಿಂದೆ ಎರಡು ಭಾಗಗಳಲ್ಲಿದ್ದ ಇದನ್ನು ಒಂದುಗೂಡಿಸಿ 2020ರಲ್ಲಿ 'ಐ.ಎನ್.ಬಿ.ಡಿ.ಇ.' ಎಂಬ ಹೊಸ ರೂಪ ಕೊಟ್ಟರು. ಆಗ ಗೊತ್ತುಮಾಡಿದ್ದು ಎರಡು ದಿನ, 500 ಪ್ರಶ್ನೆ. ಇದರ ಫಲಿತಾಂಶ ತೇರ್ಗಡೆ ಅಥವಾ ಅನುತ್ತೀರ್ಣ, ಇಷ್ಟೇ. ಆದ್ದರಿಂದ ತೇರ್ಗಡೆಯಾದವರ ನಡುವೆ ಆರಿಸುವಾಗ ಶಾಲೆಗಳು ಬೇರೆಯದನ್ನು ನೋಡುತ್ತವೆ: ಕಾಲೇಜಿನ ಅಂಕ, ಇಂಗ್ಲಿಷಿನ ಟೋಫೆಲ್ ಪರೀಕ್ಷೆ, ಅಧ್ಯಾಪಕರ ಶಿಫಾರಸು, ವೃತ್ತಿಯ ಅನುಭವ. ಅನೇಕ ಶಾಲೆಗಳಿಗೆ 'ಕ್ಯಾಪಿಡ್' ಎಂಬ ಒಂದೇ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಅದರ ಬಾಗಿಲು ಸಾಮಾನ್ಯವಾಗಿ ಮಾರ್ಚಿಯಲ್ಲಿ ತೆರೆಯುತ್ತದೆ. ಬಂದ ಅರ್ಜಿಗಳನ್ನು ಬಂದಂತೆಯೇ ನೋಡುವ ಶಾಲೆಗಳುಂಟಾದ್ದರಿಂದ ಕೊನೆಯ ದಿನದವರೆಗೆ ಕಾಯುವುದು ಜಾಣತನವಲ್ಲ.

ಮೂರನೆಯ ಮೆಟ್ಟಿಲನ್ನು ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ತಂದೆ ಎಲ್ಲರಿಗಿಂತ ಚೆನ್ನಾಗಿ ಅರಿಯಬಲ್ಲ. ಫಿಟ್ಟರನ ಬಳಿ ಎಷ್ಟೇ ಸರ್ಟಿಫಿಕೇಟುಗಳಿರಲಿ, ಹೊಸ ಕಾರ್ಖಾನೆಯವರು ಅವನ ಕೈಗೆ ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟು, ನಕ್ಷೆಯಂತೆ ತಿದ್ದಿ ಕೂಡಿಸೆನ್ನುತ್ತಾರೆ. ಕೂಡಿದ ಸಂದಿಯಲ್ಲಿ ಬೆಳಕು ತೂರಿದರೆ ಸರ್ಟಿಫಿಕೇಟು ಮಾತಾಡುವುದಿಲ್ಲ. ದಂತವೈದ್ಯ ಶಾಲೆಗಳ 'ಬೆಂಚ್ ಟೆಸ್ಟ್' ಎಂಬುದೂ ಇದೇ. ಗೊಂಬೆಯ ತಲೆಯಲ್ಲಿ ಕೂಡಿಸಿದ ಪ್ಲಾಸ್ಟಿಕ್ಕಿನ ಹಲ್ಲುಗಳು. ಗೊತ್ತುಮಾಡಿದ ಸಮಯದೊಳಗೆ ಒಂದನ್ನು ಟೋಪಿ ತೊಡಿಸಲು ಕೊರೆಯಬೇಕು, ಇನ್ನೊಂದರಲ್ಲಿ ಸಿಮೆಂಟು ತುಂಬಲು ಗುಳಿ ಮಾಡಬೇಕು. ಪಕ್ಕದ ಹಲ್ಲಿಗೆ ಗೀರು ಬಿದ್ದರೂ ತಪ್ಪೇ. ಊರಿನಲ್ಲಿ ಸಾವಿರ ಹಲ್ಲು ಕಿತ್ತ ಕೈಯೂ ಇಲ್ಲಿ ನಡುಗಬಹುದು. ಕನ್ನಡಿಯಲ್ಲಿ ನೋಡುತ್ತ ಕೊರೆಯುವ ಅಭ್ಯಾಸ ತಪ್ಪಿದವರಿಗಂತೂ ಕಷ್ಟ. ಹೊರಡುವ ಮುನ್ನದ ಕಾಲವನ್ನು ಬರಿಯ ಸೀರೆ, ಸೂಟ್‌ಕೇಸುಗಳಿಗೆ ಕೊಡದೆ ಈ ಅಭ್ಯಾಸಕ್ಕೂ ಕೊಟ್ಟರೆ ನಷ್ಟವಿಲ್ಲ.

ಅರ್ಜಿಯೊಡನೆ, ತಾನೇಕೆ ಈ ವೃತ್ತಿಯನ್ನು ಬಯಸುತ್ತೇನೆಂದು ಅಭ್ಯರ್ಥಿ ಬರೆಯಬೇಕಾದ ಒಂದು ಪ್ರಬಂಧವೂ ಇರುತ್ತದೆ. ಹಲವರು ಯಾರದೋ ಮಾದರಿಯನ್ನು ತಿದ್ದಿ ಕಳುಹಿಸುತ್ತಾರೆ. ಆದರೆ ಮಲೆನಾಡಿನ ದಂತವೈದ್ಯೆಗೆ ಎರವಲು ಮಾತು ಬೇಕಿಲ್ಲ. ಅಡಿಕೆ ಬೆಳೆಯುವ, ಅಡಿಕೆ ಅಗಿಯುವ ಸೀಮೆ ಇದು. ಅಡಿಕೆಯು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ಅಡಿಕೆ, ಗುಟ್ಕಾಗಳ ಚಟದಿಂದ ಒಳಗೆನ್ನೆ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯದ ರೋಗಿಗಳನ್ನು ಇಲ್ಲಿಯ ವೈದ್ಯರು ಕಣ್ಣಾರೆ ಕಂಡಿದ್ದಾರೆ. ಅಮೆರಿಕದ ವಿದ್ಯಾರ್ಥಿ ಪುಸ್ತಕದ ಚಿತ್ರದಲ್ಲಿ ಕಾಣುವುದನ್ನು ಈಕೆ ಬೆಂಚಿನ ಮೇಲೆ ಕುಳಿತ ಅಜ್ಜನ ಬಾಯಿಯಲ್ಲಿ ಕಂಡಿದ್ದಾಳೆ. ಕಂಡದ್ದನ್ನು ಕಂಡಂತೆ ಬರೆದರೆ ಅದಕ್ಕಿಂತ ಗಟ್ಟಿಯಾದ ಶಿಫಾರಸು ಬೇರಿಲ್ಲ.

ಇನ್ನು ಹಣದ ಮಾತು. ಅನೇಕ ಶಾಲೆಗಳಲ್ಲಿ ಒಟ್ಟು ಶುಲ್ಕವೇ ಒಂದು ಲಕ್ಷ ಡಾಲರನ್ನು ಮೀರುತ್ತದೆ. ಊಟ, ವಸತಿ ಬೇರೆ. ಉದ್ಯೋಗದ ವೀಸಾದಲ್ಲಿರುವ ಗಂಡನ ಜೊತೆ ಎಚ್-4 ವೀಸಾದ ಮೇಲೆ ಹೋದವಳು ಓದಬಹುದು. ಪ್ರತ್ಯೇಕ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಎಂದರೆ, ಓದು ಮುಗಿದು ಪರವಾನಗಿ ಬಂದರೂ ಕೆಲಸಕ್ಕೆ ವೀಸಾದ ದಾರಿಯನ್ನು ಬೇರೆಯೇ ನೋಡಿಕೊಳ್ಳಬೇಕು. ಮದುವೆಯ ಮಾತುಕತೆಯಲ್ಲಿ 'ಅಲ್ಲಿ ಹೋದ ಮೇಲೆ ಪ್ರಾಕ್ಟೀಸು ಮಾಡಿಕೊಳ್ಳಬಹುದು' ಎಂದು ತೇಲಿಸಿ ನುಡಿಯುವವರು ಈ ಲೆಕ್ಕವನ್ನು ಹೇಳುವುದಿಲ್ಲ. ಓದಿನ ಖರ್ಚು ಯಾರದು, ಆ ವರ್ಷಗಳಲ್ಲಿ ಮನೆಗೆಲಸ ಯಾರದು, ಮಗುವಾದರೆ ನೋಡಿಕೊಳ್ಳುವವರಾರು ಎಂಬುದನ್ನು ಜಾತಕದಷ್ಟೇ ಶ್ರದ್ಧೆಯಿಂದ ಮುಂಚೆಯೇ ಕೂಡಿಸಿ ನೋಡುವುದು ಎರಡು ಕಡೆಯ ಹಿರಿಯರ ಕರ್ತವ್ಯ. ಅದನ್ನು ಮಾಡದ ಮನೆಗಳಲ್ಲಿ, ಚಿನ್ನದ ಪದಕ ಪಡೆದ ವೈದ್ಯೆಯೂ ವರ್ಷಗಟ್ಟಲೆ ಕಿಟಕಿಯ ಬಳಿ ಕುಳಿತು ಹಿಮ ನೋಡಬೇಕಾದೀತು.

ಕಡಲಾಚೆ ಕಲಿತವರೆಲ್ಲ ಅಲ್ಲಿಯೇ ಉಳಿದವರೂ ಅಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ದಂತವೈದ್ಯ ಪದವಿ ಪಡೆದ ಡಾ. ರಫಿಯುದ್ದೀನ್ ಅಹಮದ್ ಸ್ವದೇಶಕ್ಕೆ ಮರಳಿ, 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಕಟ್ಟಿದರು. ಈ ನಾಡಿನಲ್ಲಿ ಈ ವಿದ್ಯೆ ವ್ಯವಸ್ಥಿತವಾಗಿ ಬೇರೂರಿದ್ದರ ಹಿಂದೆ, ಒಮ್ಮೆ ಅಲ್ಲಿ ವಿದ್ಯಾರ್ಥಿಯಾಗಿ ಕುಳಿತವರೊಬ್ಬರ ಶ್ರಮವಿದೆ.

ಹೋಗುವವರು ಹೋಗಲಿ, ಅರ್ಜಿ ಹಾಕುವುದರಲ್ಲಿ ನಾಚಿಕೆಯಿಲ್ಲ. ಆದರೆ ಹೋಗುವ ಮುನ್ನ ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿಯನ್ನು ಜೀವಂತವಾಗಿಟ್ಟುಕೊಳ್ಳಲಿ. ಮರಳಿ ಬರಬೇಕಾಗಿ ಬಂದರೆ ಅದು ಸೋಲಲ್ಲ. ಜನ್ನಾಪುರದಲ್ಲಿ ಹಲ್ಲುನೋವಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟವನಿಗೆ, ಬೆಳಗ್ಗೆ ಬಾಗಿಲು ತೆರೆಯುವ ಡಾಕ್ಟರ ಪದವಿ ಯಾವ ದೇಶದ್ದೆಂಬ ವಿಚಾರ ಬರುವುದಿಲ್ಲ.